ನೀಲಿ ಪೈಪು

ಸಂಜೆ ಆರೂಕಾಲಿಗೆ ಕಾರು ಶೆಡ್ಡಿನೊಳಗೆ ಬಂದು ನಿಂತ ಮೇಲೂ ಅವನು ಎಂಜಿನ್ ಆರಿಸುತ್ತಿರಲಿಲ್ಲ. ಕೈಬ್ರೇಕ್ ಎಳೆದು, ಗೇರು ಬಿಡಿಸಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎರಡು ನಿಮಿಷ ಸುಮ್ಮನೆ ಕೂತಿರುತ್ತಿದ್ದ. ಜ್ವರವಿರಲಿ, ನೆಂಟರು ಬಾಗಿಲಲ್ಲಿ ಕಾಯುತ್ತಿರಲಿ, ಅದು ತಪ್ಪುತ್ತಿರಲಿಲ್ಲ. ಪಕ್ಕದ ಮನೆಯವಳಾದ ನನಗೆ ಗೋಡೆಯಾಚೆಯ ಆ ಗುರುಗುರು ಸದ್ದೇ ಗಡಿಯಾರ. ಅದು ನಿಂತ ಮೇಲೆ ನಾನು ಸಂಜೆಯ ಪ್ರಾರ್ಥನೆಗೆ ಕೂರುತ್ತಿದ್ದೆ. ಮಹಡಿಯ ಮೇಲಿದ್ದ ಅವನ ಅಕ್ಕ ಅದು ಶುರುವಾದಾಗಲೇ ಚಹಾಕ್ಕೆ ನೀರಿಟ್ಟಿರುತ್ತಿದ್ದಳು. ಭಾವ, ಅಂದರೆ ಅಕ್ಕನ ಗಂಡ, ಬಾಲ್ಕನಿಯಿಂದ ಬಗ್ಗಿ ಕೂಗುತ್ತಿದ್ದರು.

"ಜೋಗುಳ ಮುಗೀತೇನೋ? ಮಗು ಮಲಗ್ತಾ?"

"ಮಲಗ್ತು ಭಾವ. ನೀವು ಕಿರುಚಿ ಎಬ್ಬಿಸ್ಬೇಡಿ."

ಆ ಎರಡು ನಿಮಿಷ ಯಾತಕ್ಕೆ ಎಂದು ನಾನೂ ಒಮ್ಮೆ ಕೇಳಿದ್ದೆ. ಅವನು ಬಾನೆಟ್ ಎತ್ತಿ ತೋರಿಸಿದ. ಬಸವನಹುಳದ ಚಿಪ್ಪಿನಂತಿದ್ದ ಒಂದು ಕಬ್ಬಿಣದ ಗಡ್ಡೆ. "ಇದೇ ಟರ್ಬೊ, ಅಮ್ಮ. ಒಳಗೆ ಅಂಗೈಗಿಂತ ಚಿಕ್ಕ ಚಕ್ರ ಇದೆ. ಎಂಜಿನ್ ಬಿಡೋ ಹೊಗೆ ಇದನ್ನ ತಿರುಗಿಸುತ್ತೆ, ಇದು ತಿರುಗಿ ಎಂಜಿನ್ನಿಗೆ ಗಾಳಿ ತುಂಬುತ್ತೆ. ನಿಮಿಷಕ್ಕೆ ಲಕ್ಷ ಸುತ್ತು. ಎಣ್ಣೆ ಮೇಲೆ ತೇಲ್ತಾ ಇರುತ್ತೆ ಅಷ್ಟೆ. ಬಂದ ತಕ್ಷಣ ಆರಿಸಿದ್ರೆ ಎಣ್ಣೆ ನಿಂತುಹೋಗಿ ಒಳಗೇ ಸುಟ್ಟು ಕರಿಯಾಗುತ್ತೆ. ಓಡಿ ಬಂದವರನ್ನ ಗಕ್ಕನೆ ಹಿಡಿದು ಮಲಗಿಸ್ತೀರಾ? ಇದೂ ಹಾಗೇ."

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಹಲ್ಲಿನ ಸೆಟ್ ಮಾಡಿ ಕೊಡುತ್ತಿದ್ದ. ಊರಿಗೆಲ್ಲ ಅವನು ಹಲ್ಲಣ್ಣ. ಕೆಲಸದ ಕೋಣೆ ಒಂದು ಔಷಧಿ ಅಂಗಡಿಯ ಹಿಂದುಗಡೆ. ಒಂದೇ ಕಿಟಕಿ, ಒಂದು ಗ್ಯಾಸ್ ಬರ್ನರ್, ಕೆಂಪು ಮೇಣದ ಹಾಳೆಗಳು, ಹೊಳಪು ಕೊಡುವ ಮೋಟಾರು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಾಯಿ ತೆರೆದು ಕೂತ ಪ್ಲಾಸ್ಟರ್ ದವಡೆಗಳು. ನನ್ನ ಅತ್ತೆಯ ಸೆಟ್ ತರಲು ಹೋದಾಗಲೆಲ್ಲ ಇಷ್ಟು ಜನ ಒಟ್ಟಿಗೆ ನಗುತ್ತಿರುವ ಕೋಣೆ ಇಷ್ಟು ನಿಶ್ಶಬ್ದವಾಗಿದೆಯಲ್ಲ ಎನಿಸುತ್ತಿತ್ತು. ಅವನು ತೆಳ್ಳನೆಯ ಬಣ್ಣದ ಕಾಗದವನ್ನು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಇಟ್ಟು ಕಚ್ಚಿಸಿ, ಎಲ್ಲಿ ಬಣ್ಣ ಹೆಚ್ಚು ಹತ್ತಿದೆಯೋ ಅಲ್ಲಿ ಮಾತ್ರ ಉಜ್ಜುತ್ತಿದ್ದ. "ಕೂದಲೆಳೆಯಷ್ಟು ಎತ್ತರ ಇದ್ರೂ ನಾಲಿಗೆ ಇಡೀ ದಿನ ಅದನ್ನೇ ತಡವ್ತಾ ಇರುತ್ತೆ" ಎನ್ನುತ್ತಿದ್ದ. ಸರಿಯಾಗದ ಸೆಟ್ ಅವನ ಕೋಣೆಯಿಂದ ಹೊರಗೆ ಹೋಗಿದ್ದಿಲ್ಲ.

ವಯಸ್ಸು ನಲವತ್ತೆಂಟು. ಮದುವೆಯಾಗಿರಲಿಲ್ಲ. ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಹದಿಮೂರರ ಅಕ್ಕನೇ ಅನ್ನ ಕಲಸಿ, ಸ್ನಾನ ಮಾಡಿಸಿ, ಬೈದು ಬೆಳೆಸಿದಳು. ಹೆಣ್ಣು ನೋಡಲು ಬಂದ ಭಾವನಿಗೆ ಅವಳು ಮೊದಲು ಹೇಳಿದ ಮಾತೇ, "ನನ್ನ ತಮ್ಮನೂ ಬರ್ತಾನೆ" ಅಂತ. ಭಾವ ನಕ್ಕು, "ಬಸ್ಸಲ್ಲಿ ನಲವತ್ತು ಜನ ಹಿಡಿಸ್ತಾರೆ, ಮನೇಲಿ ಒಬ್ಬ ಹಿಡಿಸಲ್ವಾ?" ಎಂದರಂತೆ. ಅವರು ಊರ ಬಸ್ಸಿನ ಡ್ರೈವರ್. ಇಪ್ಪತ್ತಾರು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಹಾಗೆಂದು ಬರೆದುಕೊಟ್ಟ ಕಾಗದಕ್ಕೆ ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ನೇತುಹಾಕಿದ್ದರು. ಆ ಮನೆಯಲ್ಲಿ ಚೌಕಟ್ಟಿನೊಳಗೆ ಇದ್ದದ್ದು ಅದೊಂದೇ.

ಕಾರನ್ನು ಹಲ್ಲಣ್ಣ ಹತ್ತೊಂಬತ್ತು ವರ್ಷದ ಹಿಂದೆ ಒಂದು ಗುಜರಿ ಅಂಗಳದಿಂದ ಎಳೆಸಿಕೊಂಡು ಬಂದಿದ್ದ. ಮೂರು ಬಾಗಿಲಿನ ಪುಟ್ಟ ಗಾಡಿ, ಬೆಂಕಿಪೊಟ್ಟಣದ ಹಾಗೆ. ಬಾಗಿಲಿಗೆ ತುಕ್ಕು, ಸೀಟಿನಲ್ಲಿ ಇಲಿ. ಆದರೆ ಒಳಗೆ ಟರ್ಬೊ ಇದೆ ಎಂದು ಗೊತ್ತಾದಾಗ ಅವನ ಕಣ್ಣು ಅರಳಿತಂತೆ. ಪ್ರತಿ ಭಾನುವಾರವೂ ಅದಕ್ಕೇ. ಗಾಳಿ ಒಳಹೋಗುವ ದಾರಿಯ ಒರಟನ್ನೆಲ್ಲ ಕಟ್ಟುಹಲ್ಲು ಉಜ್ಜುವ ಸಣ್ಣ ಸಣ್ಣ ಕಲ್ಲುಗಳಿಂದಲೇ ಉಜ್ಜಿ ಗಾಜಿನ ಹಾಗೆ ಮಾಡಿದ. ಎಂಜಿನ್ನಿನ ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು, ಅದು ಗಟ್ಟಿಯಾಗಲೆಂದು ಅಕ್ಕ ಇಲ್ಲದ ಹೊತ್ತು ನೋಡಿ ಅವಳ ಬ್ರೆಡ್ ಸುಡುವ ಒಲೆಯಲ್ಲಿಟ್ಟು ಬೇಯಿಸಿದ.

"ಮೂರು ದಿನ ಆಯ್ತು, ಬ್ರೆಡ್ಡೆಲ್ಲ ಪೇಂಟ್ ವಾಸನೆ!" ಅಕ್ಕ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. "ನಾಳೆ ಇವನು ಆ ಗಾಡೀನ ನನ್ನ ಬಚ್ಚಲಲ್ಲಿ ಕೂರಿಸಿ ಎಣ್ಣೆ ನೀರು ಹಾಕ್ತಾನೆ, ನೋಡ್ತಿರಿ!"

ಬೈಯುತ್ತಲೇ ಅವನ ಎಣ್ಣೆ ಮೆತ್ತಿದ ಅಂಗಿಗಳನ್ನು ಬೇರೆಯಾಗಿ ನೆನೆಹಾಕುತ್ತಿದ್ದಳು.

ಇಷ್ಟೆಲ್ಲ ಮಾಡಿದರೂ ಅವನು ಜೋರಾಗಿ ಓಡಿಸಿದವನಲ್ಲ. ಹೊಂದಿಸುವುದೇ ಅವನ ಸುಖ. ಒಂದಕ್ಕೊಂದು ಕಚ್ಚಿಕೊಳ್ಳಬೇಕಾದ ಎರಡು ವಸ್ತುಗಳು ಸರಿಯಾಗಿ ಕಚ್ಚಿಕೊಂಡಾಗ ಅವನ ಮುಖದಲ್ಲಿ ಬರುತ್ತಿದ್ದ ಶಾಂತಿಯನ್ನು ನಾನು ಪ್ರಾರ್ಥನೆ ಮಾಡುವವರ ಮುಖದಲ್ಲಿ ಮಾತ್ರ ನೋಡಿದ್ದೇನೆ.

ಆ ವರ್ಷ ಅವನಿಗೆ ಟರ್ಬೊ ಎಷ್ಟು ಗಾಳಿ ಒತ್ತುತ್ತಿದೆ ಎಂದು ತೋರಿಸುವ ಒಂದು ಮುಳ್ಳಿನ ಮೀಟರು ಹಾಕುವ ಆಸೆಯಾಯಿತು. ಅದಕ್ಕೆ ಎಂಜಿನ್ನಿನ ಗಾಳಿಯ ಪೈಪೊಂದರಿಂದ ಕವಲು ತೆಗೆಯಬೇಕು. ಕೈಗೆ ಸುಲಭವಾಗಿ ಸಿಕ್ಕಿದ್ದು ಬ್ರೇಕಿಗೆ ಹೋಗುವ ಪೈಪು. ಬ್ರೇಕ್ ಪೆಡಲಿನ ಹಿಂದೆ, ಎಂಜಿನ್ ಕಡೆಗೆ, ದುಂಡನೆಯ ದೊಡ್ಡ ತಗಡಿನ ಡಬ್ಬಿಯೊಂದಿರುತ್ತದೆ. ಎಂಜಿನ್ ಆ ಪೈಪಿನ ಮೂಲಕ ಡಬ್ಬಿಯ ಗಾಳಿಯನ್ನು ಹೀರಿಕೊಳ್ಳುತ್ತಿರುತ್ತದೆ. ಆ ಹೀರುವಿಕೆಯೇ ಕಾಲಿಗೆ ಬಲ ಕೊಡುವುದು. ಅದಿಲ್ಲದಿದ್ದರೆ ಪೆಡಲು ಕಲ್ಲು; ಆನೆಯಂತೆ ಒತ್ತಿದರೂ ಗಾಡಿ ನಿಧಾನಕ್ಕೆ ನಿಲ್ಲುತ್ತದೆ.

ಹಳೆಯ ಪೈಪು ಕರಿ ರಬ್ಬರಿನದು, ಗಡುಸು, ಕೊಳಕು. ಹೇಗೂ ಕೈಹಾಕಿದ್ದೇನಲ್ಲ ಎಂದು ಅವನು ಅದನ್ನು ಪೂರಾ ತೆಗೆದು, ಅದರ ಜಾಗಕ್ಕೆ ಹೊಳೆಯುವ ನೀಲಿ ಸಿಲಿಕಾನ್ ಪೈಪು ಹಾಕಿದ. ನಡುವೆ ಕತ್ತರಿಸಿ, ಮೂರು ಬಾಯಿಯ ಪ್ಲಾಸ್ಟಿಕ್ ಕೀಲೊಂದನ್ನು ಕೂರಿಸಿ ಮೀಟರಿಗೆ ಕವಲು ಕೊಟ್ಟ. ಹಳೆಯದನ್ನು ಬೆಂಚಿನ ಕೆಳಗಿನ ಡಬ್ಬಕ್ಕೆ ಎಸೆದ.

ಚಹಾ ತಂದ ಅಕ್ಕ ಬಾನೆಟ್ಟಿನೊಳಗೆ ಇಣುಕಿ, "ಚೆನ್ನಾಗಿದೆ ಕಣೋ. ಮೊದಲು ಹಾವು ಮಲಗಿದ ಹಾಗಿತ್ತು" ಎಂದಳು. ಅವನು ಉಬ್ಬಿಹೋದ.

ಆ ವಾರ ಒಂದು ಸಲ, ನೀರಿನ ಟ್ಯಾಂಕಿನ ಏರು ಹತ್ತಿ ಇಳಿಯುವಾಗ, ಬ್ರೇಕ್ ಪೆಡಲು ಒಂದು ಕ್ಷಣ ಬಿಗಿಯೆನಿಸಿತು. ಮತ್ತೆ ಸರಿಯಾಯಿತು. ಹಿಂದಿನ ತಿಂಗಳು ಬ್ರೇಕಿನ ಪ್ಯಾಡ್ ಹೊಸದು ಹಾಕಿದ್ದೆನಲ್ಲ, ಇನ್ನೂ ಪಳಗಿಲ್ಲ ಎಂದುಕೊಂಡು ಬಿಟ್ಟುಬಿಟ್ಟ. ಕೂದಲೆಳೆಯಷ್ಟು ಎತ್ತರದ ಹಲ್ಲನ್ನು ಬಿಡದವನು ಅದನ್ನು ಬಿಟ್ಟ.

ಮುಂದಿನ ಭಾನುವಾರ ಭಾವನಿಗೆ ರಜೆ. ಊರಿನ ಆ ತುದಿಯಲ್ಲಿ ಭಾವನ ತಂಗಿಯ ಮಗಳಿಗೆ ಹೆರಿಗೆಯಾಗಿತ್ತು. ಮಗು ನೋಡಲು ಹೋಗಬೇಕು. ಅಕ್ಕನಿಗೆ ಮಂಡಿನೋವು, ಎರಡು ಬಸ್ಸು ಹತ್ತಿ ಇಳಿಯಲಾರಳು. ಹಲ್ಲಣ್ಣನಿಗೆ ತುರ್ತಾಗಿ ಒಂದು ಸೆಟ್ ಮುಗಿಸುವುದಿತ್ತು. ಅವನೇ ಮೆಟ್ಟಿಲ ಬಳಿ ನಿಂತು ಬೀಗದಕೈ ಚಾಚಿದ.

"ನೀವೇ ತಗೊಂಡು ಹೋಗಿ ಭಾವ."

"ಏನೋ ಇದು! ಹತ್ತೊಂಬತ್ತು ವರ್ಷದಲ್ಲಿ ಸ್ಟೀರಿಂಗ್ ಮುಟ್ಟೋಕೂ ಬಿಟ್ಟಿರ್ಲಿಲ್ಲ. ಇವತ್ತು ಕನ್ಯಾದಾನಾನಾ?"

"ಆ ಮೀಟರಿನ ಮುಳ್ಳು ನೋಡಿ, ಏರಲ್ಲಿ ಮೇಲೆ ಹೋಗುತ್ತೆ. ಆರಿಸೋಕೆ ಮುಂಚೆ ಎರಡು ನಿಮಿಷ..."

"ಲೇ, ಸಾಕು. ನಲವತ್ತು ಜನಾನ ಹೊತ್ಕೊಂಡು ತಿರುಗೋನಿಗೆ ಪಾಠ ಹೇಳ್ತಾನೆ. ಹತ್ತೇ ನೀನು."

ಕೊನೆಯ ಮಾತು ಅಕ್ಕನಿಗೆ. ಅವಳು ಮಗುವಿಗೆ ಹೆಣೆದ ಟೋಪಿಯನ್ನು ಚೀಲದಲ್ಲಿಟ್ಟುಕೊಂಡು, ಮಂಡಿ ಹಿಡಿದುಕೊಂಡು ಹತ್ತಿದಳು.

ನೀರಿನ ಟ್ಯಾಂಕಿನ ಇಳಿಜಾರಿನ ಕೆಳಗೆ ನಾಲ್ಕು ರಸ್ತೆ ಕೂಡುತ್ತವೆ. ಅಲ್ಲಿ ಮೂಲೆಯಲ್ಲಿ ಬೀಗ ರಿಪೇರಿಯವನೊಬ್ಬ ಛತ್ರಿ ನೆಟ್ಟುಕೊಂಡು ಕೂರುತ್ತಿದ್ದ. ಮುಂದೆ ಒಂದು ಸಣ್ಣ ಪೆಟ್ಟಿಗೆ, ಗುರುತಿಗೆ ಮೊಳದುದ್ದದ ಮರದ ಬೀಗದಕೈ. ನಮ್ಮ ಬೀದಿಯ ಮುಕ್ಕಾಲು ಪಾಲು ಬೀಗದಕೈಗಳು ಅವನು ಉಜ್ಜಿ ಕೊಟ್ಟವೇ. ಆ ದಿನ ಭಾವನ ಕೈಗೆ ಬಂದದ್ದು ಕಾರಿನ ಎರಡನೆಯ ಬೀಗದಕೈ. ಅದನ್ನೂ ಮಾಡಿದವನು ಅವನೇ.

ಏರು ಹತ್ತುವಾಗ ಗಾಡಿ ಚೆನ್ನಾಗಿ ಎಳೆಯಿತು. ಮುಳ್ಳು ಮೇಲೇರುವುದನ್ನು ಅಕ್ಕನೂ ನೋಡಿದಳು. ನೆತ್ತಿ ದಾಟಿ ಇಳಿಯತೊಡಗಿದಾಗ ಭಾವ ಬ್ರೇಕ್ ಒತ್ತಿದರು. ಪೆಡಲು ಕದಲಲಿಲ್ಲ. ಮತ್ತೆ ಒತ್ತಿದರು. ಎರಡೂ ಕಾಲಿಟ್ಟು ಸೀಟಿನಿಂದ ಎದ್ದುನಿಂತಂತೆ ಒತ್ತಿದರು. ಕೈಬ್ರೇಕಿನ ನೆನಪಾಗುವ ಹೊತ್ತಿಗೆ ಛತ್ರಿ ಮುಂದೆಯೇ ಇತ್ತು. ಬೀಗದವನು ಎದ್ದುನಿಂತಿದ್ದ, ಓಡಲು ಹೊರಟಿದ್ದ. ಕಾರು ಅವನನ್ನು ಹೊಡೆದು, ಹಿಂದಿನ ಗೋಡೆಗೆ ಹೋಗಿ ನಿಂತಿತು.

ಅವನು ಅಲ್ಲೇ ತೀರಿಕೊಂಡ. ಅಕ್ಕನ ಹೆಗಲೆಲುಬು ಮುರಿಯಿತು. ಭಾವನ ಹಣೆಗೆ ನಾಲ್ಕು ಹೊಲಿಗೆ ಬಿತ್ತು, ಅಷ್ಟೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಭಾವ ಹಲ್ಲಣ್ಣನ ಮೊಣಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು: "ಬ್ರೇಕ್ ಕಲ್ಲಾಗಿತ್ತು ಕಣೋ. ಕಲ್ಲಾಗಿತ್ತು."

ಪೊಲೀಸರಿಗೂ ಅದನ್ನೇ ಹೇಳಿದರು. ಠಾಣೆಯ ಅಂಗಳಕ್ಕೆ ಎಳೆದು ತಂದ ಕಾರನ್ನು ವಾಹನ ತಪಾಸಣೆಯ ಅಧಿಕಾರಿ ನೋಡಿದರು. ಬ್ರೇಕಿನ ಎಣ್ಣೆ ಇದೆ, ಪ್ಯಾಡು ಹೊಸದು, ಎಲ್ಲೂ ಸೋರಿಕೆಯಿಲ್ಲ. ಮುಂಭಾಗ ನುಚ್ಚುನೂರಾಗಿತ್ತು, ಅಲ್ಲಿನ ಪೈಪುಗಳೆಲ್ಲ ಕಿತ್ತುಬಂದಿದ್ದವು, ಡಿಕ್ಕಿಯಾದರೆ ಬರುವಂಥವೇ. ಎಂಜಿನ್ ಆರಿದ ಗಾಡಿಯ ಪೆಡಲು ಹೇಗೂ ಬಿಗಿಯಾಗಿಯೇ ಇರುತ್ತದೆ. "ಬ್ರೇಕ್ ಸುಸ್ಥಿತಿಯಲ್ಲಿದೆ, ಚಾಲಕನ ಅಜಾಗರೂಕತೆ" ಎಂದು ಅವರು ಬರೆದರು. ಡಿಪೋದವರು ಭಾವನನ್ನು ಕೆಲಸದಿಂದ ನಿಲ್ಲಿಸಿದರು. ನೋಡಲು ಬಂದ ಜೊತೆಯ ಡ್ರೈವರೊಬ್ಬ ಬೆನ್ನು ತಟ್ಟಿ, "ನಾವೆಲ್ಲ ಹಾಗೇ ಹೇಳೋದು ಬಿಡಿ ಗುರುಗಳೇ, ಬ್ರೇಕ್ ಹಿಡೀಲಿಲ್ಲ ಅಂತ" ಎಂದು ಹೋದ. ಸಮಾಧಾನಕ್ಕೆಂದು ಆಡಿದ ಮಾತು ಅದು. ಆದರೆ ಭಾವ ಆ ದಿನದಿಂದ ಬಾಲ್ಕನಿಗೆ ಬರುವುದನ್ನು ನಿಲ್ಲಿಸಿದರು.

ಎಲ್ಲರಿಗಿಂತ ಗಟ್ಟಿಯಾಗಿ ಎದುರು ನಿಂತವಳು ಅಕ್ಕ. ಕೈಗೆ ಜೋಲಿ ಕಟ್ಟಿಕೊಂಡು ಮನೆಗೆ ಬಂದವಳೇ ಗಂಡನಿಗೆ ಹೇಳಿದಳು, "ಬ್ರೇಕ್ ಮೇಲೆ ಯಾಕೆ ಹಾಕ್ತೀರಿ? ಅವನು ಒಂದೊಂದು ಮೊಳೇನೂ ಎಣಿಸಿ ಹಾಕಿದ ಗಾಡಿ ಅದು. ಹಲ್ಲಿನಷ್ಟೇ ನಾಜೂಕು. ನಿಮ್ಮ ಕಾಲು ಎಲ್ಲಿತ್ತೋ ಅದನ್ನ ನೆನಪು ಮಾಡ್ಕೊಳ್ಳಿ."

ಆಗ ಹಲ್ಲಣ್ಣ ಅಲ್ಲೇ ಇದ್ದ. ಅಕ್ಕನ ಆ ಮಾತು ಕೇಳಿ ಅವನಿಗೆ ಹೆಮ್ಮೆಯಾಗಲಿಲ್ಲ. ನೀರಿನ ಟ್ಯಾಂಕಿನ ಇಳಿಜಾರು, ಒಂದು ಕ್ಷಣ ಬಿಗಿಯಾದ ಪೆಡಲು ನೆನಪಿಗೆ ಬಂದಿತ್ತು. ಇದನ್ನೆಲ್ಲ ಅವನು ನನಗೆ ಒಮ್ಮೆಲೇ ಹೇಳಿದ್ದಲ್ಲ. ಒಂದು ದಿನ ಒಂದು ತುಣುಕು, ಇನ್ನೊಂದು ದಿನ ಇನ್ನೊಂದು.

ಕೆಳಗಿಳಿದು ಶೆಡ್ಡಿಗೆ ಹೋದ. ಬೆಂಚಿನ ಕೆಳಗಿನ ಡಬ್ಬ ಎಳೆದು, ಹಳೆಯ ಕರಿ ಪೈಪನ್ನು ಹುಡುಕಿ ತೆಗೆದ. ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದ. ಕೊಳೆಯ ಕೆಳಗೆ, ಪೈಪಿನ ಒಂದು ಕಡೆ, ಸಾಸಿವೆಯಷ್ಟು ಉಬ್ಬಿದ ಒಂದು ಬಾಣದ ಗುರುತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವನು ಅದನ್ನು ನೋಡಿರಲಿಲ್ಲ. ಒಂದು ತುದಿಯನ್ನು ಬಾಯಿಗಿಟ್ಟು ಊದಿದ. ಗಾಳಿ ಆ ಕಡೆಯಿಂದ ಹೊರಬಂತು. ಪೈಪು ತಿರುಗಿಸಿ ಇನ್ನೊಂದು ತುದಿಯಿಂದ ಊದಿದ. ಕೆನ್ನೆ ಉಬ್ಬಿತು, ಕಿವಿ ಗುಂಯ್ ಎಂದಿತು, ಒಂದಿಷ್ಟೂ ಗಾಳಿ ಹೋಗಲಿಲ್ಲ.

ಪೈಪಿನ ಹೊಟ್ಟೆಯೊಳಗೇ ಒಂದು ವಾಲ್ವು ಇತ್ತು. ಗಾಳಿ ಡಬ್ಬಿಯಿಂದ ಎಂಜಿನ್ನಿಗೆ ಹೋಗಬಹುದು, ಮರಳಿ ಬರಬಾರದು. ಅದಕ್ಕೇ ಆ ವಾಲ್ವು. ಟರ್ಬೊ ಇರುವ ಗಾಡಿಗೆ ಅದು ಪ್ರಾಣ, ಏಕೆಂದರೆ ಏರಿನಲ್ಲಿ ಟರ್ಬೊ ಅದೇ ದಾರಿಯಲ್ಲಿ ಗಾಳಿಯನ್ನು ಹಿಂದಕ್ಕೆ ಒತ್ತುತ್ತದೆ. ಅವನು ಪೈಪಿನ ಜೊತೆ ವಾಲ್ವನ್ನೂ ಎಸೆದಿದ್ದ. ಚೆಂದ ಕಾಣುವ ನೀಲಿ ಪೈಪಿನೊಳಗೆ ಏನೂ ಇರಲಿಲ್ಲ.

ಮರುದಿನ ಠಾಣೆಯ ಅಂಗಳಕ್ಕೆ ಹೋಗಿ, ಗಾಡಿಯಲ್ಲಿದ್ದ ಕನ್ನಡಕ ಬೇಕೆಂದು ಕಾವಲಿನವನಿಗೆ ಹೇಳಿ, ನಜ್ಜುಗುಜ್ಜಾದ ಬಾನೆಟ್ಟಿನ ಸಂದಿಯಲ್ಲಿ ಕೈ ತೂರಿಸಿದ. ಪ್ಲಾಸ್ಟಿಕ್ ಕೀಲು ಕೈಗೆ ಸಿಕ್ಕಿತು. ಡಿಕ್ಕಿಗೆ ಕಿತ್ತದ್ದಾದರೆ ಮುರಿದಿರಬೇಕು. ಅದು ಮುರಿದಿರಲಿಲ್ಲ. ಗಾಳಿಯ ಒತ್ತಡಕ್ಕೆ ಪೈಪಿನಿಂದ ನುಣ್ಣಗೆ ಜಾರಿ ಹೊರಬಂದಿತ್ತು. ಏರಿನ ನೆತ್ತಿ ದಾಟುವ ಮೊದಲೇ ಭಾವನ ಕಾಲಿನ ಬಲ ಹೋಗಿತ್ತು.

ಇದು ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಬಾಯಿ ಬಿಡದಿದ್ದರೆ ಇನ್ನೊಬ್ಬರಿಗೆ ಎಂದೂ ಗೊತ್ತಾಗುವಂತಿರಲಿಲ್ಲ.

ಹನ್ನೊಂದು ದಿನ ಅವನು ಬಾಯಿ ಬಿಡಲಿಲ್ಲ.

ಬೆಳಿಗ್ಗೆ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಆರೂಕಾಲಿಗೆ ನಡೆದೇ ಬರುತ್ತಿದ್ದ. ಮೇಲೆ ಹೋಗುವ ಮೊದಲು ಖಾಲಿ ಶೆಡ್ಡಿನ ಬಾಗಿಲು ಸರಿಸಿ ಒಳಗೆ ನಿಲ್ಲುತ್ತಿದ್ದ. ಎರಡು ನಿಮಿಷವಾದ ಮೇಲೆ ಬಾಗಿಲು ಸರಿಯುವ ಸದ್ದು ಮತ್ತೆ ಕೇಳುತ್ತಿತ್ತು. ಆ ದಿನಗಳಲ್ಲಿ ನನ್ನ ಪ್ರಾರ್ಥನೆಯಲ್ಲಿ ಬೀಗದವನ ಮನೆಯವರ ನಂತರ ಅವನೂ ಇರುತ್ತಿದ್ದ, ಏನೆಂದು ಗೊತ್ತಿಲ್ಲದೆಯೇ.

ಈ ನಡುವೆ ಒಂದು ದಿನ ಭಾವನನ್ನು ಠಾಣೆಗೆ ಕರೆದಿದ್ದರು. ಹಲ್ಲಣ್ಣ ಜೊತೆಗೆ ಹೋಗಿದ್ದ. ಬೀಗದವನ ಹೆಂಡತಿ ಅಲ್ಲಿ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಗಂಡನ ಪೆಟ್ಟಿಗೆ. ಅಳುತ್ತಿರಲಿಲ್ಲ. ಭಾವ ಎದುರು ಬಂದಾಗ ಎದ್ದುನಿಂತು ಕೇಳಿದಳು, "ಇಳಿಜಾರಲ್ಲಿ ಅಷ್ಟು ದೂರದಿಂದ ಕಾಣ್ತಾ ಇದ್ರಲ್ಲ ಅವರು. ಬ್ರೇಕ್ ಹಾಕೋಕೆ ಏನಾಗಿತ್ತು ನಿಮಗೆ?"

ಭಾವ ಬಾಯಿ ತೆರೆದರು. ಕಲ್ಲಾಗಿತ್ತು ಎಂಬ ಮಾತು ಈ ಸಲ ಬರಲಿಲ್ಲ.

"ಗೊತ್ತಿಲ್ಲಮ್ಮ" ಎಂದರು.

ಹಲ್ಲಣ್ಣ ನೆಲ ನೋಡುತ್ತಾ ನಿಂತಿದ್ದ.

ಹನ್ನೊಂದನೆಯ ದಿನ ಶನಿವಾರ. ಸಂಜೆ ಚಹಾಕ್ಕೆಂದು ಮೇಲೆ ಹೋದವನು ಹಜಾರದ ಬಾಗಿಲಲ್ಲೇ ನಿಂತುಬಿಟ್ಟ. ಭಾವ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಎದುರು ನೆಲದ ಮೇಲೆ ತಮ್ಮ ಎರಡು ಚಪ್ಪಲಿಗಳನ್ನು ಗೇಣುದೂರಕ್ಕೆ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿ, ಬಲಗಾಲನ್ನು ಬಲಗಡೆಯ ಚಪ್ಪಲಿಯಿಂದ ಎತ್ತಿ ಎಡಗಡೆಯದರ ಮೇಲೆ ಇಟ್ಟು ಒತ್ತುತ್ತಿದ್ದರು. ಮತ್ತೆ ಎತ್ತುವುದು, ಮತ್ತೆ ಇಡುವುದು. ಒಂದು ಸಲ ಕಾಲು ತಪ್ಪಿ ನೆಲಕ್ಕೆ ಬಿತ್ತು. ಕಣ್ಣು ತೆರೆದು ಅದನ್ನೇ ನೋಡುತ್ತಾ ಕೂತರು.

"ಏನ್ಮಾಡ್ತಿದೀರಿ ಭಾವ?"

"ಇಪ್ಪತ್ತಾರು ವರ್ಷ ಒತ್ತಿದ ಕಾಲು ಕಣೋ ಇದು. ಇದೇ ಮೋಸ ಮಾಡ್ತು ಅನ್ಸುತ್ತೆ." ಅವರ ದನಿಯಲ್ಲಿ ಜಗಳವಿರಲಿಲ್ಲ. "ಸೋಮವಾರ ಹೇಳಿಕೆ ಕೊಡ್ಬೇಕು. ತಪ್ಪು ಪೆಡಲ್ ಒತ್ತಿದೆ ಅಂತ ಬರೆದುಕೊಟ್ಟುಬಿಡ್ತೀನಿ. ಒಪ್ಪಿಕೊಂಡ್ರೆ ಶಿಕ್ಷೆ ಕಮ್ಮಿಯಾಗುತ್ತೆ ಅಂದ್ರು ವಕೀಲರು. ನಿಮ್ಮಕ್ಕನೂ ಹಾಗೇ ಹೇಳ್ತಾಳೆ. ಇಷ್ಟು ಜನ ಹೇಳ್ವಾಗ ನಾನೊಬ್ಬನೇ ಕಲ್ಲು ಕಲ್ಲು ಅಂತ ಎಷ್ಟು ದಿನ ಹೇಳ್ಲಿ?"

ಹಲ್ಲಣ್ಣ ತಿರುಗಿ ಕೆಳಗೆ ಹೋದ. ಬಂದಾಗ ಕೈಯಲ್ಲಿ ಕರಿ ಪೈಪಿತ್ತು. ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ ಭಾವನ ಕಾಲ ಬಳಿ ನೆಲಕ್ಕೆ ಕೂತ.

"ಊದಿ ಭಾವ."

"ಏನಿದು?"

"ಊದಿ."

ಭಾವ ಊದಿದರು. ಗಾಳಿ ಹೋಯಿತು.

"ಈಗ ಈ ಕಡೆಯಿಂದ."

ಭಾವನ ಕೆನ್ನೆ ಉಬ್ಬಿತು. ಹೊಲಿಗೆ ಬಿದ್ದ ಹಣೆ ಕೆಂಪಾಯಿತು. ಪೈಪನ್ನು ಬಾಯಿಂದ ತೆಗೆದು ಅದರೊಳಗೆ ಒಂದು ಕಣ್ಣಿಟ್ಟು ನೋಡಿದರು. ಅವನು ಹೇಳತೊಡಗಿದ. ಡಬ್ಬಿ, ವಾಲ್ವು, ನೀಲಿ ಪೈಪು, ಮೀಟರು, ಠಾಣೆಯಲ್ಲಿ ಕೈಗೆ ಸಿಕ್ಕಿದ ಕೀಲು. ಯಾವುದನ್ನೂ ಬಿಡಲಿಲ್ಲ. ಡ್ರೈವರಿಗೆ ಎರಡನೆಯ ಸಲ ವಿವರಿಸಬೇಕಾಗಲಿಲ್ಲ.

ಭಾವ ಪೈಪನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು, "ಹಾಗಾದ್ರೆ ನನ್ನ ಕಾಲು ಬ್ರೇಕ್ ಮೇಲೇ ಇತ್ತು."

"ಹೌದು ಭಾವ."

"ಎರಡೂ ಕಾಲು."

"ಎರಡೂ ಕಾಲು ಅಲ್ಲೇ ಇತ್ತು ಭಾವ."

ಅವರು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಹಲ್ಲಣ್ಣ ಕೈಚಾಚಲಿಲ್ಲ, ಮುಟ್ಟುವ ಹಕ್ಕು ತನಗಿಲ್ಲ ಎನಿಸಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಒಂದು ಕೈ ಜೋಲಿಯಲ್ಲಿ, ಇನ್ನೊಂದರಲ್ಲಿ ಅವನ ಚಹಾದ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾವತ್ತು ಗೊತ್ತಾಯ್ತು ನಿನಗೆ?"

"ನೀನು ಆಸ್ಪತ್ರೆಯಿಂದ ಬಂದ ದಿನ."

"ಹನ್ನೊಂದು ದಿನ ಆಯ್ತಲ್ಲೋ." ಅವಳ ದನಿ ಏರಲಿಲ್ಲ. "ಹನ್ನೊಂದು ದಿನ ಈ ಮನುಷ್ಯನ್ನ ಸುಳ್ಳುಗಾರ ಅಂದೆ ನಾನು. ನಿನ್ನ ಕಡೆ ನಿಂತು. ನೀನು ಅಲ್ಲೇ ಕೂತು ಕೇಳಿಸ್ಕೊಂಡು, ಒಂದೇ ಕೈಯಲ್ಲಿ ಮಾಡಿದ ಚಹಾ ಕುಡಿದು, ಲೋಟ ತೊಳೆದಿಟ್ಟು ಕೆಳಗೆ ಹೋದೆ."

"ಅಕ್ಕಾ..."

"ಕರೀಬೇಡ."

ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು. ಬಚ್ಚಲಿಗೆ ಚಹಾ ಸುರಿದ ಸದ್ದು ಕೇಳಿತು. ಅಂದಿನಿಂದ ಅವನ ಎಣ್ಣೆ ಅಂಗಿಗಳು ಅವನ ಬಕೆಟ್ಟಿನಲ್ಲೇ ಇವೆ. ಅವಳು ಕ್ಷಮಿಸಿದಳೆಂದು ಬರೆಯಲು ನನಗೂ ಆಸೆ. ಈಗಲೂ ದಿನಾ ಬೇಡಿಕೊಳ್ಳುತ್ತೇನೆ. ಆದರೆ ಇದನ್ನು ಬರೆಯುವ ಹೊತ್ತಿಗೂ ಅದು ಆಗಿಲ್ಲ.

ಸೋಮವಾರ ಅವನು ಪೈಪನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ತಪಾಸಣೆಯ ಅಧಿಕಾರಿಯ ಕಚೇರಿಗೆ ಹೋದ. ಭಾವನೂ ಬಂದಿದ್ದರು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಭಾವ, "ನೀನೇ ಹೋಗು. ನಾನು ಇಲ್ಲಿರ್ತೀನಿ" ಎಂದರು.

ಅಧಿಕಾರಿ ಎದ್ದು ಕುರ್ಚಿ ಎಳೆದುಕೊಟ್ಟರು. ಅವರ ಮೇಲಿನ ಸಾಲು ಇವನೇ ಮಾಡಿದ್ದು.

"ಬನ್ನಿ ಹಲ್ಲಣ್ಣ, ಬನ್ನಿ. ನೀವು ಮಾಡಿದ ಹಲ್ಲಲ್ಲಿ ಮೂರು ವರ್ಷದಿಂದ ಬಾದಾಮಿ ಕಡೀತಿದೀನಿ, ನೋಡಿ." ಬಾಯಿ ಬಿಟ್ಟು ತೋರಿಸಿದರು. ಮೇಜಿನ ಮೇಲೆ ಟವೆಲ್ ಬಿಚ್ಚಿಕೊಂಡಾಗ ನಗು ನಿಂತಿತು.

ಅವರೂ ಊದಿ ನೋಡಿದರು. ಒಂದು ಕಡೆಯಿಂದ, ಮತ್ತೊಂದು ಕಡೆಯಿಂದ. ಬಾಣದ ಗುರುತಿನ ಮೇಲೆ ಬೆರಳಾಡಿಸಿದರು. ಗಾಡಿಗಳನ್ನು ಪ್ರೀತಿಸುವ ಮನುಷ್ಯ, ಕೂಡಲೇ ಅರ್ಥವಾಯಿತು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ನಿಮ್ಮ ಭಾವ ನಿಜ ಹೇಳಿದ್ರು ಹಾಗಾದ್ರೆ."

"ಹೌದು ಸಾರ್."

"ಇದನ್ನ ಹೀಗೇ ಬರೆದ್ರೆ ಅವರ ಮೇಲಿನ ಕೇಸು ನಿಮ್ಮ ಮೇಲೆ ಬರುತ್ತೆ. ಜೈಲು ಬೇಕಾದ್ರೂ ಆಗ್ಬಹುದು. ಗೊತ್ತಾ?"

"ಗೊತ್ತು ಸಾರ್."

ಅಧಿಕಾರಿ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ಮಗುವಿಗೆ ಹೇಳುವಂತೆ ಹೇಳಿದರು.

"ಕೇಳಿ ಇಲ್ಲಿ. ನಾನು ಇನ್ನೊಂದು ಸಲ ಪರೀಕ್ಷೆ ಮಾಡಿದೆ ಅಂತ ಬರೆದು, 'ಹಳೆಯ ಪೈಪು, ಎಂಜಿನ್ ಬಿಸಿಗೆ ಬಿರುಕುಬಿಟ್ಟು ಕಳಚಿಕೊಂಡಿದೆ' ಅಂತ ಒಂದು ಸಾಲು ಸೇರಿಸ್ತೀನಿ. ಹಳೇ ಗಾಡಿ, ಯಾರೂ ಕೇಳಲ್ಲ. ನಿಮ್ಮ ಭಾವನೂ ಪಾರು, ನೀವೂ ಪಾರು. ಆ ನೀಲಿ ಪೈಪು ಅಂಗಳದಿಂದ ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಇದನ್ನ ನನ್ನ ಹತ್ರ ಬಿಟ್ಟು ಮನೆಗೆ ಹೋಗಿ. ನಿಮ್ಮಂಥೋರು ಒಳಗೆ ಹೋಗಿ ಯಾರಿಗೇನು ಲಾಭ? ಸತ್ತವನು ಎದ್ದು ಬರ್ತಾನಾ?"

ಬಾಗಿಲಿನ ಮೇಲ್ಭಾಗದಲ್ಲಿ ಗಾಜಿತ್ತು. ಅದರಾಚೆ ಭಾವನ ತಲೆ ಕಾಣುತ್ತಿತ್ತು. ಅವರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು.

"ಆ ಬೀಗದವರ ಹೆಂಡ್ತಿ ಕೇಳಿದ್ರು ಸಾರ್" ಎಂದ ಹಲ್ಲಣ್ಣ, "ಬ್ರೇಕ್ ಹಾಕೋಕೆ ಏನಾಗಿತ್ತು ಅಂತ. ಭಾವ ಗೊತ್ತಿಲ್ಲ ಅಂದ್ರು. ನನಗೆ ಗೊತ್ತಿತ್ತು."

"ಅದಕ್ಕೇ ಹೇಳಿದ್ದು, ಹಳೇ ಪೈಪು ಅಂತ..."

ಹಲ್ಲಣ್ಣ ಪೈಪನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಬಾಣದ ಗುರುತು ಅವರಿಗೆ ಕಾಣುವಂತೆ ತಿರುಗಿಸಿ, ಮೇಜಿನ ಮೇಲಿದ್ದ ಫೈಲಿನ ಪಕ್ಕದಲ್ಲಿ ನೆಟ್ಟಗೆ ಇಟ್ಟ.

"ಬೇಡ ಸಾರ್" ಎಂದ. "ಹಳೇದು ಸರಿಯಾಗಿತ್ತು. ಹೊಸ ಪೈಪು ಅಂತಲೇ ಬರೀರಿ. ಹಾಕಿದವನ ಹೆಸರೂ ಬರೀರಿ."